ಹಾರ್ಲೆಮ್‌ನ ಆಕಾಶ ನಕಲು ಮಾಡುತ್ತಾ ಎಣ್ಣೆ ಬಣ್ಣ ಕಲಿಯುವುದು

(ಬೆಂಗಳೂರಿನಲ್ಲಿ ಹವ್ಯಾಸಿ ಚಿತ್ರಕಾರರ ಮುಂದೆ ಆಡಿದ ಮಾತುಗಳ ಬರಹ ರೂಪ. ಪರದೆ ಮೇಲೆ ಚಿತ್ರ ತೋರಿಸುತ್ತಾ ಹೇಳಿದ್ದು. ಚಿತ್ರ ಎದುರಿಗಿಲ್ಲದೆಯೂ ಓದಲು ಬರುವ ಹಾಗೆ ಅಲ್ಲಲ್ಲಿ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಜಲವರ್ಣ ಗೊತ್ತಿರುವವರೇ ಜಾಸ್ತಿ. ಅಕ್ರಿಲಿಕ್ ಕೂಡ ಹಲವರಿಗೆ ಅಭ್ಯಾಸ ಇದೆ. ಎಣ್ಣೆ ಬಣ್ಣ ಅಂದ ಕೂಡಲೇ ಮಾತ್ರ ಮುಖ ಸ್ವಲ್ಪ ಸಣ್ಣಗಾಗುತ್ತದೆ. ಟರ್ಪೆಂಟೈನ್ ವಾಸನೆ, ಖರ್ಚು, ವಾರಗಟ್ಟಲೆ ಒಣಗದೆ ಮನೆಯವರ ಬಾಯಿಗೆ ಸಿಕ್ಕಿಕೊಳ್ಳುವುದು. ಇವೆಲ್ಲ ನಿಜವೇ. ಆದರೆ ಇವು ದೊಡ್ಡ ಕಷ್ಟಗಳಲ್ಲ. ದೊಡ್ಡ ಕಷ್ಟ ಯಾವುದೆಂದರೆ, ಎಣ್ಣೆ ಬಣ್ಣದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಅರ್ಧ ವಿದ್ಯೆ. ಮುಗಿದ ಚಿತ್ರವನ್ನು ಎಷ್ಟು ಹೊತ್ತು ನೋಡಿದರೂ ಆ ಅರ್ಧ ಕಣ್ಣಿಗೆ ಬೀಳುವುದಿಲ್ಲ. ಅದು ಕೆಳಗಿನ ಪದರಗಳಲ್ಲಿ ಮುಚ್ಚಿಹೋಗಿರುತ್ತದೆ.

ಅದನ್ನು ಕಲಿಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಇಷ್ಟೇ. ಬರೋಕ್ ಕಾಲದ, ಅಂದರೆ 17ನೇ ಶತಮಾನದ ಒಂದು ಲ್ಯಾಂಡ್‌ಸ್ಕೇಪ್ (ನಿಸರ್ಗ ದೃಶ್ಯದ ಚಿತ್ರ) ಹಿಡಿದುಕೊಂಡು ತಳದಿಂದ ಮೇಲಿನವರೆಗೆ ನಕಲು ಮಾಡುವುದು. ತುಂಡು ತುಂಡಾಗಿ ಅಲ್ಲ, ಪೂರ್ತಿ.

ಯಾಕೆ 17ನೇ ಶತಮಾನ? ಆ ಕಾಲದವರು ಪದರ ಪದರವಾಗಿ ಕೆಲಸ ಮಾಡಿದರು. ಒಂದೊಂದು ಪದರಕ್ಕೂ ಒಂದೊಂದು ಕೆಲಸ ಇತ್ತು. 19ನೇ ಶತಮಾನದ ಇಂಪ್ರೆಷನಿಸ್ಟ್ ಚಿತ್ರ ತಗೊಂಡರೆ ಬಹಳಷ್ಟು ಕಡೆ ಹಸಿ ಬಣ್ಣದ ಮೇಲೆ ಹಸಿ ಬಣ್ಣ, ಒಂದೇ ಏಟಿಗೆ ಮುಗಿದಿರುತ್ತದೆ. ಆ ಧೈರ್ಯ ಹೊಸಬರಿಗೆ ಬರುವುದು ಕಷ್ಟ. ಯಾಕೆ ಲ್ಯಾಂಡ್‌ಸ್ಕೇಪ್? ಮುಖದ ಚಿತ್ರದಲ್ಲಿ ಕಣ್ಣು ಒಂದು ನೂಲಿನಷ್ಟು ಆಚೆ ಹೋದರೆ ಆ ಮನುಷ್ಯನೇ ಬೇರೆ ಆಗುತ್ತಾನೆ. ಮೋಡ ಬೆರಳಷ್ಟು ಆಚೆ ಹೋದರೆ ಯಾರೂ ಕೇಳುವುದಿಲ್ಲ. ಹಾಗಂತ ಲ್ಯಾಂಡ್‌ಸ್ಕೇಪ್ ಸುಲಭ ಅಂದುಕೊಳ್ಳಬೇಡಿ. ಗೆರೆಯ ತಪ್ಪನ್ನು ಅದು ಕ್ಷಮಿಸುತ್ತದೆ, ಕತ್ತಲೆ ಬೆಳಕಿನ ತಪ್ಪನ್ನು ಕ್ಷಮಿಸುವುದಿಲ್ಲ. ಕಲಿಯಬೇಕಾಗಿರುವುದೂ ಎರಡನೆಯದನ್ನೇ ಅಲ್ವಾ?

ನಕಲು ಅಂದರೆ ಮರ್ಯಾದೆ ಕಮ್ಮಿ ಅನ್ನುವವರು ಇದ್ದಾರೆ. ಅವರಿಗೆ ಎರಡು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಚಿತ್ರಕಾರ ರೂಬೆನ್ಸ್ 1628ರಲ್ಲಿ ಸ್ಪೇನ್‌ಗೆ ಹೋದಾಗ ಐವತ್ತು ದಾಟಿದವನು, ಯುರೋಪಿಗೆಲ್ಲ ಹೆಸರುವಾಸಿ. ಅಲ್ಲಿನ ಅರಮನೆಯಲ್ಲಿ ಕೂತು ಇಟಲಿಯ ಹಳೆಯ ಚಿತ್ರಕಾರ ಟಿಷಿಯನ್‌ನ ಚಿತ್ರಗಳನ್ನು ನಕಲು ಮಾಡಿದ. ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ರೆಂಬ್ರಾಂಟ್ ಸುಮಾರು 1656ರಿಂದ 1661ರ ನಡುವೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಮ್ಮ ಮೊಘಲ್ ಚಿತ್ರಗಳನ್ನು ನೋಡಿ ರೇಖಾಚಿತ್ರ ಮಾಡಿಕೊಂಡ. ಷಹಜಹಾನ್‌ನೂ ಅದರಲ್ಲಿದ್ದಾನೆ. ಇಪ್ಪತ್ತಕ್ಕೂ ಹೆಚ್ಚು ಇಂಥ ಚಿತ್ರಗಳು ಇವತ್ತಿಗೂ ಉಳಿದಿವೆ. ಅವನಿಗೂ ಆಗ ಐವತ್ತರ ವಯಸ್ಸು. ಹಾಲೆಂಡಿನ ಅಷ್ಟು ದೊಡ್ಡ ಕಲಾವಿದ ನಮ್ಮವರ ಚಿತ್ರ ನಕಲು ಮಾಡಿಕೊಂಡ ಮೇಲೆ, ನಾವು ಹಾಲೆಂಡಿನವರದ್ದು ನಕಲು ಮಾಡಲು ನಾಚಿಕೆ ಯಾಕೆ?

ಸರಿ, ಚಿತ್ರಕ್ಕೆ ಬರೋಣ.

ನಾನು ಆರಿಸಿಕೊಂಡಿರುವುದು ಯಾಕೋಬ್ ಫಾನ್ ರೌಸ್ಡಾಲ್ ಅನ್ನುವವನ ಚಿತ್ರ. ಬಟ್ಟೆ ಬಿಳುಪು ಮಾಡುವ ಬಯಲುಗಳ ಜೊತೆ ಕಾಣುವ ಹಾಲೆಂಡಿನ ಹಾರ್ಲೆಮ್ ಪಟ್ಟಣ. ಬರೆದದ್ದು 1670ರಿಂದ 1675ರ ನಡುವೆ. ಈಗ ಹೇಗ್ ನಗರದ ಮೌರಿತ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ರೌಸ್ಡಾಲ್ ಹುಟ್ಟಿದ್ದು ಹಾರ್ಲೆಮ್‌ನಲ್ಲೇ, 1628 ಅಥವಾ 1629ರಲ್ಲಿ. ಅಪ್ಪ ಚಿತ್ರಗಳಿಗೆ ಚೌಕಟ್ಟು ಮಾಡುತ್ತಿದ್ದ, ಚಿಕ್ಕಪ್ಪ ಸಾಲೊಮೊನ್ ಹೆಸರಾಂತ ಲ್ಯಾಂಡ್‌ಸ್ಕೇಪ್ ಚಿತ್ರಕಾರ. ಇವನು ಇಪ್ಪತ್ತೇಳು ಇಪ್ಪತ್ತೆಂಟನೇ ವಯಸ್ಸಿಗೆ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ನೆಲೆಸಿದ. ಆದರೆ ಹುಟ್ಟೂರಿನ ಈ ನೋಟವನ್ನು ಮತ್ತೆ ಮತ್ತೆ ಬರೆದ. ಎಷ್ಟು ಸಲ ಅಂದರೆ, ಇಂಥ ಚಿತ್ರಗಳಿಗೆ 'ಪುಟ್ಟ ಹಾರ್ಲೆಮ್' ಅನ್ನುವ ಅರ್ಥದ ಅಡ್ಡಹೆಸರೇ ಡಚ್ಚರಲ್ಲಿ ಬಿತ್ತು.

ಚಿತ್ರದಲ್ಲಿ ಏನಿದೆ? ನಾವು ಒಂದು ಮರಳು ದಿಬ್ಬದ ಮೇಲೆ ನಿಂತಿದ್ದೇವೆ. ಕಾಲ ಬುಡದಲ್ಲಿ ಪೊದೆಗಳ ಕತ್ತಲೆ. ಅದರಾಚೆ ಬಯಲು, ಕೆಂಪು ಹೆಂಚಿನ ಮನೆಗಳು. ಬಯಲಿನ ಹುಲ್ಲಿನ ಮೇಲೆ ಉದ್ದುದ್ದ ಬಿಳಿ ಬಟ್ಟೆಗಳನ್ನು ಹಾಸಿದ್ದಾರೆ. ಇನ್ನೂ ಆಚೆ ಮರಗಳ ಸಾಲು, ಗಾಳಿಯಂತ್ರಗಳು, ದಿಗಂತದಲ್ಲಿ ಪಟ್ಟಣ. ಪಟ್ಟಣದ ನಡುವೆ ಸೇಂಟ್ ಬಾವೋ ಚರ್ಚು ಒಂದು ದೊಡ್ಡ ಬೂದು ಗುಡ್ಡೆಯ ಹಾಗೆ ಎದ್ದು ಕಾಣುತ್ತದೆ. ಇಷ್ಟೆಲ್ಲ ಸೇರಿ ಚಿತ್ರದ ಕೆಳಗಿನ ಮೂರನೇ ಒಂದು ಭಾಗ. ಉಳಿದದ್ದು ಪೂರಾ ಆಕಾಶ. ಮೋಡಗಳ ನೆರಳು ಬಯಲಿನ ಮೇಲೆ ಬಿದ್ದು ಒಂದು ಪಟ್ಟಿ ಕತ್ತಲೆ, ಒಂದು ಪಟ್ಟಿ ಬೆಳಕು, ಮತ್ತೆ ಕತ್ತಲೆ, ಮತ್ತೆ ಬೆಳಕು. ರೌಸ್ಡಾಲ್ 1682ರಲ್ಲಿ ತೀರಿಕೊಂಡಾಗ ಹಾರ್ಲೆಮ್‌ಗೆ ತಂದು ಇದೇ ಚರ್ಚಿನಲ್ಲಿ ಮಣ್ಣು ಮಾಡಿದರು.

ಬರೋಕ್ ಅಂದರೆ ಚಿನ್ನದ ಅಲಂಕಾರ, ಹಾರುವ ದೇವತೆಗಳು, ರೋಮ್ ನಗರದ ಚರ್ಚುಗಳ ಛಾವಣಿ, ಅಲ್ಲಿ ಈ ಬಟ್ಟೆ ಒಣಗಿಸುವ ಬಯಲು ಎಲ್ಲಿ ಬಂತು ಅಂತ ಕೇಳಬಹುದು. ಹಾಲೆಂಡಿನ ಚಿತ್ರಗಳಿಗೆ ಆ ಹೆಸರು ಒಪ್ಪುತ್ತದೋ ಇಲ್ಲವೋ ಅಂತ ಪಂಡಿತರ ನಡುವೆ ವಾದ ಇದ್ದೇ ಇದೆ. ನನ್ನ ಮಟ್ಟಿಗೆ, ಆ ಆಕಾಶದಲ್ಲಿ ಮೋಡಗಳು ನುಗ್ಗಿ ಬರುವ ರೀತಿ, ಬೆಳಕನ್ನು ಒಂದೇ ಕಡೆ ಹಿಡಿದು ನಿಲ್ಲಿಸುವ ರೀತಿ ನೋಡಿದರೆ ಬರೋಕ್ ಅನ್ನಲು ಏನೂ ಅಡ್ಡಿ ಇಲ್ಲ.

ಅಳತೆ 55.5 ಸೆಂಟಿಮೀಟರ್ ಎತ್ತರ, 62 ಸೆಂಟಿಮೀಟರ್ ಅಗಲ. ಅಂದರೆ ಮನೆಯ ಟೇಬಲ್ ಮೇಲೇ ಪೂರ್ಣ ಅಳತೆಯಲ್ಲಿ ನಕಲು ಮಾಡಬಹುದು. ಇಲ್ಲಿ ಒಂದು ಎಚ್ಚರ. ಅಂಗಡಿಯಲ್ಲಿ ಸಿಗುವ 20×24 ಇಂಚಿನ ಕ್ಯಾನ್ವಾಸ್ ಹತ್ತಿರ ಹತ್ತಿರ ಇದೆ ಅಂತ ತರಬೇಡಿ. ಅಗಲ ಸರಿಹೋಗುತ್ತದೆ, ಎತ್ತರದಲ್ಲಿ ನಾಲ್ಕೂವರೆ ಸೆಂಟಿಮೀಟರ್‌ಗಿಂತ ಜಾಸ್ತಿ ಕಡಿಮೆ ಬೀಳುತ್ತದೆ. ಎಲ್ಲರೂ ಅದನ್ನು ಆಕಾಶದಿಂದಲೇ ಕತ್ತರಿಸುತ್ತಾರೆ. ಆಕಾಶ ಕುಗ್ಗಿದರೆ ಈ ಚಿತ್ರವೇ ಇಲ್ಲ. ಫ್ರೇಮ್ ಹಾಕುವವರ ಹತ್ತಿರ 22×24.5 ಇಂಚಿನ ಚೌಕಟ್ಟು ಮಾಡಿಸಿ ಕ್ಯಾನ್ವಾಸ್ ಬಿಗಿಸಿಕೊಳ್ಳಿ. ಖರ್ಚು ದೊಡ್ಡದಾಗುವುದಿಲ್ಲ.

ನೋಡಿ ಬರೆಯಲು ಫೋಟೋ ಎಲ್ಲಿಂದ? ಮ್ಯೂಸಿಯಂನವರೇ ದೊಡ್ಡ ಗಾತ್ರದ ಚಿತ್ರ ಹಾಕಿದ್ದಾರೆ, ಇಳಿಸಿಕೊಳ್ಳಿ. ಸುಮ್ನೆ ಹುಡುಕಿದಾಗ ಮೊದಲು ಸಿಕ್ಕಿದ್ದನ್ನು ತಗೊಂಡರೆ ಒಂದರಲ್ಲಿ ಆಕಾಶ ಹಳದಿ, ಇನ್ನೊಂದರಲ್ಲಿ ನೀಲಿ. ಯಾವುದನ್ನು ನಂಬುತ್ತೀರಿ? ಫೋನ್ ಪರದೆ ತಾನೇ ಬಣ್ಣ ಏರಿಸಿ ತೋರಿಸುತ್ತದೆ. ಆದ್ದರಿಂದ ಒಂದು ಫೋಟೋ ಆರಿಸಿ ಒಳ್ಳೆಯ ಕಡೆ ಪ್ರಿಂಟ್ ಹಾಕಿಸಿ, ಕೊನೆಯವರೆಗೂ ಅದನ್ನೇ ಇಟ್ಟುಕೊಳ್ಳಿ. ಅದರ ಜೊತೆಗೆ ಒಂದು ಕಪ್ಪು ಬಿಳುಪು ಪ್ರಿಂಟ್ ಕೂಡ ಹಾಕಿಸಿ. ಬಣ್ಣದ ಪ್ರಿಂಟ್‌ಗಿಂತ ಅದೇ ನಿಮಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಬಣ್ಣದ ಟ್ಯೂಬ್‌ಗಳ ಬಗ್ಗೆ. ಅಂಗಡಿಗೆ ಹೋಗಿ ಇಪ್ಪತ್ತನಾಲ್ಕು ಬಣ್ಣದ ಡಬ್ಬಿ ತರಬೇಡಿ. ಬಿಳಿ, ಹಳದಿ ಓಕರ್ (ಮಣ್ಣಿನ ಹಳದಿ), ರಾ ಅಂಬರ್ (ಮಂಕು ಕಂದು), ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಐವರಿ ಬ್ಲ್ಯಾಕ್ (ಕಪ್ಪು), ಅಲ್ಟ್ರಾಮರೀನ್ (ಗಾಢ ನೀಲಿ), ಒಂದು ತಣ್ಣನೆಯ, ಅಂದರೆ ನಿಂಬೆಹಣ್ಣಿನಂಥ ಹಳದಿ. ಹೆಂಚಿನ ಕೆಂಪಿಗೆ ಬರ್ನ್ಟ್ ಸಿಯೆನ್ನಾ ಸಾಕು. ಹಸಿರು ಟ್ಯೂಬ್ ಬೇಡವೇ ಬೇಡ. ಓಕರ್ ಜೊತೆ ಕಪ್ಪು ಬೆರೆಸಿ ನೋಡಿ, ಎಂಥ ಚಂದದ ಹಸಿರು ಬರುತ್ತದೆ ಅಂತ.

ಆ ಕಾಲದವರ ಹತ್ತಿರ ಇದ್ದ ಬಣ್ಣಗಳೂ ಕಮ್ಮಿ. ಅಲ್ಟ್ರಾಮರೀನ್ ಆಗ ಅಫಘಾನಿಸ್ತಾನದ ಬದಕ್ಷಾನ್‌ನಿಂದ ಬರುತ್ತಿದ್ದ ಕಲ್ಲನ್ನು ಅರೆದು ಮಾಡಿದ್ದು, ವಿಪರೀತ ದುಬಾರಿ. ಕಾರ್ಖಾನೆಯ ಅಲ್ಟ್ರಾಮರೀನ್ ಬಂದದ್ದು 1828ರ ಸುಮಾರಿಗೆ. ಹಾಗಾಗಿ ಅಗ್ಗದ ನೀಲಿಯಾಗಿ ಬಹಳ ಜನ ಸ್ಮಾಲ್ಟ್ ಬಳಸಿದರು. ಅದು ಕೋಬಾಲ್ಟ್ ಸೇರಿಸಿದ ನೀಲಿ ಗಾಜಿನ ಪುಡಿ. ಹಳದಿಗೆ ಸೀಸ ಮತ್ತು ತವರದಿಂದ ಮಾಡಿದ ಒಂದು ಬಣ್ಣ ಇತ್ತು. 18ನೇ ಶತಮಾನದ ನಡುವೆ ಅದು ಬಳಕೆಯಿಂದ ಹೋಯಿತು. ಜನ ಅದನ್ನು ಎಷ್ಟು ಮರೆತರೆಂದರೆ, 1941ರಲ್ಲಿ ಮ್ಯೂನಿಕ್‌ನ ಒಂದು ಪ್ರಯೋಗಶಾಲೆಯಲ್ಲಿ ಹಳೆಯ ಚಿತ್ರಗಳ ಹಳದಿಯನ್ನು ಪರೀಕ್ಷೆ ಮಾಡಿದಾಗಲೇ ಅಂಥ ಬಣ್ಣ ಒಂದಿತ್ತು ಅಂತ ಮತ್ತೆ ಗೊತ್ತಾದದ್ದು.

ಎಲ್ಲಕ್ಕಿಂತ ತೊಂದರೆ ಕೊಡುವುದು ಬಿಳಿ. ರೌಸ್ಡಾಲ್‌ನ ಬಿಳಿ ಸೀಸದ ಬಿಳಿ. ಅದು ವಿಷ, ಮನೆಯಲ್ಲಿ ಬೇಡ. ನಮಗೆ ಸಿಗುವುದು ಟೈಟೇನಿಯಂ ಬಿಳಿ, 1920ರ ಸುಮಾರಿಗೆ ಮಾರುಕಟ್ಟೆಗೆ ಬಂದದ್ದು. ಇದು ತಣ್ಣಗಿನ ಬಿಳಿ, ಅಂದರೆ ನೀಲಿ ಕಡೆ ವಾಲುವಂಥದ್ದು, ಕೆಳಗಿರುವುದನ್ನೆಲ್ಲ ಮುಚ್ಚಿಬಿಡುತ್ತದೆ. ಸೀಸದ ಬಿಳಿ ಒಂಚೂರು ಬೆಚ್ಚಗೆ, ಅಂದರೆ ಹಳದಿ ಕಡೆಯದ್ದು, ತೆಳ್ಳಗೆ ಹಚ್ಚಿದರೆ ತಳ ಕಾಣಿಸುತ್ತದೆ. ಹೊಸಬರ ನಕಲಿನಲ್ಲಿ ಆಕಾಶ ಸುಣ್ಣ ಹೊಡೆದ ಹಾಗೆ ಕಾಣುವುದಕ್ಕೆ ಮುಖ್ಯ ಕಾರಣ ಇದು. ಮದ್ದು ಸುಲಭ. ಟೈಟೇನಿಯಂ ಬಿಳಿಗೆ ಒಂದು ಕಾಳಿನಷ್ಟು ಓಕರ್ ಬೆರೆಸಿ, ಬಣ್ಣ ಕಲಸುವ ಹಲಗೆಯ (ಪ್ಯಾಲೆಟ್) ಮೇಲೆ ನಿಮ್ಮದೇ ಒಂದು ಬಿಳಿ ಗುಡ್ಡೆ ಮಾಡಿಟ್ಟುಕೊಳ್ಳಿ. ಟ್ಯೂಬ್‌ನ ಬಿಳಿಯನ್ನು ನೇರವಾಗಿ ಮುಟ್ಟಲೇಬೇಡಿ.

ಈಗ ಕೆಲಸ ಶುರು. ಬಿಳಿ ಕ್ಯಾನ್ವಾಸ್ ಮೇಲೆ ಬರೆಯಬೇಡಿ. ಅಂಬರ್, ಓಕರ್, ಚೂರು ಬಿಳಿ ಸೇರಿಸಿ ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಪೂರ್ತಿ ಬಳಿಯಿರಿ. ಒಣಗಿದ ಮೇಲೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ ಇರಬೇಕು. ಬಿಳಿ ಹಲಗೆಯ ಮೇಲೆ ಯಾವ ಬಣ್ಣ ಇಟ್ಟರೂ ಕಪ್ಪಾಗಿ ಕಾಣುತ್ತದೆ, ಹೆದರಿ ಎಲ್ಲವನ್ನೂ ತಿಳಿ ಮಾಡಿಬಿಡುತ್ತೇವೆ. ನಡುವಿನ ಬಣ್ಣದ ಮೇಲೆ ಇಟ್ಟಾಗ ಇದು ಬೆಳಕಿನ ಕಡೆಯದ್ದು, ಇದು ಕತ್ತಲೆ ಕಡೆಯದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಡಚ್ಚರು ಕಂದು ಅಥವಾ ಬೂದು ತಳ ಹಾಕಿಕೊಳ್ಳುತ್ತಿದ್ದದ್ದು ಇದಕ್ಕೇ.

ಅದರ ಮೇಲೆ ಚೌಕ ಗೆರೆ ಎಳೆದು ದಿಗಂತ, ಚರ್ಚು, ಮನೆಗಳ ಜಾಗ ಗುರುತು ಮಾಡಿಕೊಳ್ಳಿ. ಮೋಡಗಳಿಗೆ ಬರೀ ಹೊರಗೆರೆ, ಅದೂ ಅಂದಾಜಿಗೆ.

ಮುಂದಿನ ಹೆಜ್ಜೆಯನ್ನು ಡಚ್ಚರು 'ಸತ್ತ ಬಣ್ಣ' ಅನ್ನುತ್ತಿದ್ದರು. ಕಂದು, ಬೂದು, ಮಂಕು ಬಣ್ಣಗಳಲ್ಲಿ ಇಡೀ ಚಿತ್ರದ ಕತ್ತಲೆ ಬೆಳಕನ್ನು ಮಾತ್ರ ಕೂರಿಸುವುದು. ಇಲ್ಲಿ ಕಪ್ಪು ಬಿಳುಪು ಪ್ರಿಂಟ್ ಎದುರಿಗಿಟ್ಟುಕೊಳ್ಳಿ. ಕಣ್ಣು ಅರ್ಧ ಮುಚ್ಚಿ ನೋಡಿ. ಈ ಚಿತ್ರ ಎಷ್ಟು ತುಂಡಾಗಿ ಕಾಣುತ್ತದೆ? ಮುಂದಿನ ದಿಬ್ಬ ಒಂದು ಕತ್ತಲೆ. ಬಯಲು ಒಂದು ನಡುಬಣ್ಣ, ಅದರಲ್ಲಿ ಒಂದೆರಡು ಬೆಳಕಿನ ಪಟ್ಟಿ. ಆಕಾಶ ಒಂದು ಬೆಳಕು, ಅದರಲ್ಲಿ ಮೋಡದ ಹೊಟ್ಟೆಯ ಬೂದು. ಮುಗಿಯಿತು. ಮನೆ, ಮರ, ಮನುಷ್ಯರು ಯಾವುದೂ ಬೇಡ. ಈ ಹಂತದಲ್ಲಿ ಗೋಡೆಗೆ ಒರಗಿಸಿ ಕೋಣೆಯ ಆ ತುದಿಯಿಂದ ನೋಡಿದರೆ ಹಾರ್ಲೆಮ್ ಕಾಣಬೇಕು. ಕಾಣದಿದ್ದರೆ ಮುಂದೆ ಹೋಗಬೇಡಿ. ಮೇಲಿಂದ ಎಷ್ಟು ಹೆಂಚು, ಎಷ್ಟು ಎಲೆ ಬರೆದರೂ ಅದು ಕಾಣುವುದಿಲ್ಲ.

ಬಹಳ ಜನ ಈ ಹಂತವನ್ನು ಹಾರಿಸುತ್ತಾರೆ. ಬಣ್ಣ ಹಚ್ಚುವ ಆಸೆ, ಅರ್ಥವಾಗುತ್ತದೆ. ಆದರೆ ಸತ್ತ ಬಣ್ಣದ ಪದರವೇ ಈ ವಿದ್ಯೆಯ ಬೆನ್ನೆಲುಬು. ಫೋಟೋ ನೋಡಿ ಮೇಲ್ಮೈ ಮಾತ್ರ ನಕಲು ಮಾಡುವವನಿಗೆ ಇದು ಇದೆ ಅಂತಲೇ ಗೊತ್ತಾಗುವುದಿಲ್ಲ.

ಇದು ಒಣಗಿದ ಮೇಲೆ ಆಕಾಶ. ಆಕಾಶ ಮೊದಲು, ಯಾವತ್ತೂ. ಹಿಂದಿರುವುದನ್ನು ಮೊದಲು ಬರೆದು ಮುಂದಿರುವುದನ್ನು ಅದರ ಮೇಲೆ ತರಬೇಕು. ಚರ್ಚಿನ ಗೋಪುರದ ಸುತ್ತ ಆಕಾಶವನ್ನು ತುಂಬಿಸಲು ಹೋದರೆ ಗೋಪುರ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

ಒಂದು ಮೋಡವನ್ನು ಹತ್ತಿರದಿಂದ ನೋಡೋಣ. ಪರದೆ ಮೇಲೆ ದೊಡ್ಡದು ಮಾಡಿದ್ದೇನೆ. ಬೆಳಕು ಬಿದ್ದ ಕಡೆ ಅಂಚು ಗಟ್ಟಿ. ಅದೇ ಅಂಚನ್ನು ಹಿಡಿದು ನೆರಳಿನ ಕಡೆಗೆ ಬನ್ನಿ. ಎಲ್ಲಿ ಮೋಡ ಮುಗಿಯಿತು, ಎಲ್ಲಿ ಆಕಾಶ ಶುರುವಾಯಿತು ಅಂತ ಹೇಳಲು ಆಗುವುದಿಲ್ಲ. ಗಟ್ಟಿ ಅಂಚು ಒಂದು ಕಡೆ ಮಾತ್ರ. ಸುತ್ತಲೂ ಗಟ್ಟಿ ಅಂಚು ಇಟ್ಟರೆ ಹತ್ತಿ ಉಂಡೆ, ಸುತ್ತಲೂ ಮೆತ್ತಗೆ ಮಾಡಿದರೆ ಹೊಗೆ.

ಮೂರು ಗುಡ್ಡೆ ಮಾಡಿಕೊಳ್ಳಿ. ಬೆಳಕಿಗೆ ನಿಮ್ಮ ಬೆಚ್ಚಗಿನ ಬಿಳಿ. ನಡುವಿಗೆ ಅದೇ ಬಿಳಿ, ಐವರಿ ಬ್ಲ್ಯಾಕ್, ಚೂರು ಓಕರ್. ನೆರಳಿಗೆ ಅದಕ್ಕೇ ಅಂಬರ್ ಸೇರಿಸಿ. ನೀಲಿಗೆ ಬೇರೆ ಗುಡ್ಡೆ: ಬಿಳಿ, ಅಲ್ಟ್ರಾಮರೀನ್, ಅದರ ಕಿರಿಚುವ ದನಿ ಅಡಗಿಸಲು ಒಂದು ಚುಕ್ಕೆ ಕಪ್ಪು. ಮೇಲೆ ಗಾಢ, ದಿಗಂತಕ್ಕೆ ಬರುತ್ತಾ ತಿಳಿ ಮತ್ತು ಬೆಚ್ಚಗೆ. ಕಪ್ಪು ಬಿಳಿ ಸೇರಿಸಿದ ಬೂದು ತಾನಾಗಿಯೇ ನೀಲಿ ಕಡೆ ವಾಲುತ್ತದೆ. ಓಕರ್ ಪಕ್ಕ ಇಟ್ಟರಂತೂ ನೀಲಿ ಅಂತಲೇ ಕಾಣುತ್ತದೆ.

ಇನ್ನೊಂದು ಮಜಾ ಇದೆ. ಒಣಗಿದ ಕಂದು ತಳದ ಮೇಲೆ ಬಿಳಿಯನ್ನು ತೀರಾ ತೆಳ್ಳಗೆ, ಒಣ ಬ್ರಶ್‌ನಲ್ಲಿ ಉಜ್ಜಿ. ನೀಲಿ ಕಾಣುತ್ತದೆ. ಪ್ಯಾಲೆಟ್ ಮೇಲೆ ನೀಲಿ ಇಲ್ಲವೇ ಇಲ್ಲ, ಆದರೂ ನೀಲಿ. ಬೆಳಕು ಬಿಳಿಯ ಸಣ್ಣ ಕಣಗಳಿಗೆ ಬಡಿದು ಚದುರುವಾಗ ನೀಲಿಯ ಪಾಲು ಜಾಸ್ತಿ ನಮ್ಮ ಕಡೆ ಬರುತ್ತದೆ. ಹಿಂದೆ ಕತ್ತಲೆ ಇದ್ದಾಗ ಅದು ಎದ್ದು ಕಾಣುತ್ತದೆ. ಹಳೆಯ ಚಿತ್ರಕಾರರಿಗೆ ಇದರ ಭೌತಶಾಸ್ತ್ರ ಗೊತ್ತಿರಲಿಲ್ಲ, ಬಳಕೆ ಚೆನ್ನಾಗಿ ಗೊತ್ತಿತ್ತು. ಪುಸ್ತಕ ಓದಿದರೆ ಇದು ಬರೀ ಮಾಹಿತಿ. ಬ್ರಶ್ ಕೆಳಗೆ ಕಂದು ನೀಲಿಯಾಗುವುದನ್ನು ಒಂದು ಸಲ ನೋಡಿದರೆ ಮರೆಯುವುದಿಲ್ಲ. ನಕಲು ಮಾಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇಂಥ ಜಾಗಗಳಿಗಾಗಿ.

ಬೆಳಕನ್ನು ದಪ್ಪಗೆ ಇಡಿ, ನೆರಳನ್ನು ತೆಳ್ಳಗೆ ಬಿಡಿ. ಆಕಾಶ ಹಸಿ ಇರುವಾಗಲೇ ಒಣಗಿದ ಅಗಲ ಬ್ರಶ್‌ನಿಂದ ನೆರಳಿನ ಅಂಚುಗಳನ್ನು ಸವರಿ. ಎರಡು ಸಲ ಸವರಿದರೆ ಸಾಕು. ಹತ್ತು ಸಲ ಸವರಿದರೆ ಎಲ್ಲ ಒಂದೇ ಬೂದು.

ನೆಲಕ್ಕೆ ಬರೋಣ. ಹಾರ್ಲೆಮ್ ಬಟ್ಟೆ ಬಿಳುಪು ಮಾಡುವುದಕ್ಕೆ ಹೆಸರಾಗಿತ್ತು. ಹೊರದೇಶದಿಂದಲೂ ಲಿನನ್ ಬಟ್ಟೆ ಇಲ್ಲಿಗೆ ಬರುತ್ತಿತ್ತು. ಕ್ಷಾರದ ನೀರಿನಲ್ಲಿ ನೆನೆಸಿ, ಮಜ್ಜಿಗೆಯಲ್ಲಿ ನೆನೆಸಿ, ಮರಳು ದಿಬ್ಬಗಳಿಂದ ಬರುವ ತಿಳಿ ನೀರಿನಲ್ಲಿ ತೊಳೆದು, ಹುಲ್ಲಿನ ಮೇಲೆ ಹಾಸಿ ಬಿಸಿಲಿಗೆ ಬಿಡುತ್ತಿದ್ದರು. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಲಿನನ್ ಅಂದರೆ ಅಗಸೆ ಗಿಡದ ನಾರು. ರೌಸ್ಡಾಲ್ ಚಿತ್ರ ಬರೆದ ಕ್ಯಾನ್ವಾಸ್ ಕೂಡ ಲಿನನ್. ಬಣ್ಣ ಕಲಸುವ ಲಿನ್‌ಸೀಡ್ ಎಣ್ಣೆ ಅದೇ ಅಗಸೆಯ ಬೀಜದ್ದು. ನಮ್ಮ ಉತ್ತರ ಕರ್ನಾಟಕದಲ್ಲಿ ರೊಟ್ಟಿ ಜೊತೆ ತಿನ್ನುವ ಅಗಸಿ ಹಿಂಡಿ ಇದೆಯಲ್ಲ, ಅದೇ ಅಗಸೆ.

ಆ ಬಟ್ಟೆಗಳನ್ನು ದೊಡ್ಡದು ಮಾಡಿ ನೋಡಿ. ಒಂದೊಂದು ಪಟ್ಟಿಯೂ ಬ್ರಶ್‌ನ ಒಂದೊಂದು ಎಳೆತ. ಅಷ್ಟೇ. ಹತ್ತಿರದ ಪಟ್ಟಿ ಅಗಲ, ದೂರದ್ದು ಸಪೂರ, ಇನ್ನೂ ದೂರದ್ದು ದಾರದಷ್ಟು. ಬಯಲಿಗೆ ದೂರ ಬರುವುದು ಈ ಪಟ್ಟಿಗಳಿಂದ. ಅವನ್ನು ಬೆರಳಿನಿಂದ ಮುಚ್ಚಿ ನೋಡಿ, ನೆಲ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಈಗ ಬಣ್ಣ. ಬಟ್ಟೆ ಬಿಳಿ ಅಂತ ಬಿಳಿ ಹಚ್ಚಿದರೆ ಕಾಗದದ ಚೂರು ಬಿದ್ದ ಹಾಗೆ ಕಾಣುತ್ತದೆ. ಒಂದು ಕಾಗದದಲ್ಲಿ ಎರಡು ಸಣ್ಣ ತೂತು ಮಾಡಿ, ಒಂದರಲ್ಲಿ ಮೋಡದ ಬೆಳಕು, ಇನ್ನೊಂದರಲ್ಲಿ ಬಟ್ಟೆ ಕಾಣುವ ಹಾಗೆ ಪ್ರಿಂಟ್ ಮೇಲೆ ಇಡಿ. ಸುತ್ತಲಿನದ್ದು ಮರೆಯಾದಾಗ ಎರಡೂ ಒಂದೇ ಬಿಳಿಯಲ್ಲ ಅನ್ನುವುದು ಗೊತ್ತಾಗುತ್ತದೆ. ಬಟ್ಟೆ ಬೆಳ್ಳಗೆ ಹೊಳೆಯುವುದು ಪಕ್ಕದ ಹುಲ್ಲಿನ ಕತ್ತಲೆಯಿಂದ. ಹುಲ್ಲನ್ನು ಸರಿಯಾಗಿ ಮಂಕು ಮಾಡಿದವನಿಗೆ ಬಟ್ಟೆ ತಾನಾಗಿ ಬರುತ್ತದೆ.

ಪಟ್ಟಣಕ್ಕೆ ತೀರಾ ಸಣ್ಣ ಬ್ರಶ್ ತಗೋಬೇಡಿ. ಆಕಾಶದ ಬೂದಿಗೇ ಇನ್ನಷ್ಟು ಕಪ್ಪು, ಚೂರು ಸಿಯೆನ್ನಾ ಸೇರಿಸಿ ಚರ್ಚನ್ನು ಒಂದು ಆಕಾರವಾಗಿ ಇಡಿ. ಕಿಟಕಿ ಬರೆಯುವ ಆಸೆ ಬಂದರೆ ಎದ್ದು ಕಾಫಿ ಕುಡಿದು ಬನ್ನಿ.

ಕೊನೆಗೆ ಮುಂದಿನ ದಿಬ್ಬದ ಮೇಲೆ ಗ್ಲೇಜ್. ಅಂಬರ್, ಓಕರ್ ಬಣ್ಣವನ್ನು ಎಣ್ಣೆಯಲ್ಲಿ ತೆಳ್ಳಗೆ ಮಾಡಿ ಒಣಗಿದ ಪದರದ ಮೇಲೆ ಹರಡುವುದು. ಕತ್ತಲೆಗೆ ಆಳ ಬರುತ್ತದೆ. ಇಲ್ಲಿಗೆ ಎಣ್ಣೆ ಬಣ್ಣದ ದೊಡ್ಡ ನಿಯಮವೂ ಬಂತು. ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲೆ ಹೋಗುತ್ತಾ ಜಾಸ್ತಿ. ಯಾಕೆ? ಎಣ್ಣೆ ನೀರಿನ ಹಾಗೆ ಆರಿಹೋಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಎಣ್ಣೆ ಜಾಸ್ತಿ ಇದ್ದ ಪದರ ನಿಧಾನವಾಗಿ ಗಟ್ಟಿಯಾಗುತ್ತದೆ, ಆಗುವಾಗ ಅಲುಗುತ್ತದೆ. ಅದು ಕೆಳಗಿದ್ದು, ಮೇಲಿನದ್ದು ಮೊದಲೇ ಗಟ್ಟಿಯಾಗಿದ್ದರೆ ಮೇಲಿನದ್ದು ಬಿರುಕು ಬಿಡುತ್ತದೆ. ಬಣ್ಣ ಬಣ್ಣಕ್ಕೂ ವ್ಯತ್ಯಾಸ ಇದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇದೆ, ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ಸೋಮಾರಿ. ತಳಕ್ಕೆ ಅಂಬರ್ ಹಾಕಿ ಅಂದದ್ದು ಬಣ್ಣಕ್ಕೆ ಮಾತ್ರ ಅಲ್ಲ, ಇದಕ್ಕೂ ಹೌದು.

ಗಾಣದ ಅಗಸೆ ಎಣ್ಣೆ ಅಗ್ಗಕ್ಕೆ ಸಿಗುತ್ತದೆ ಅಂತ ತಂದು ಬಣ್ಣಕ್ಕೆ ಕಲಸಬೇಡಿ. ಅದರ ಲೋಳೆ ತೆಗೆದಿರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಬಾಯ್ಲ್ಡ್ ಆಯಿಲ್ ಬಾಗಿಲಿಗೆ, ಚಿತ್ರಕ್ಕಲ್ಲ. ಅದು ಕಪ್ಪಾಗುತ್ತದೆ. ಇನ್ನೊಂದು ಮಾತು, ಇದನ್ನು ದಯವಿಟ್ಟು ತಮಾಷೆ ಅಂದುಕೊಳ್ಳಬೇಡಿ. ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಇನ್ನೊಂದು ಪ್ರಶ್ನೆ ಯಾವಾಗಲೂ ಬರುತ್ತದೆ. ಹಳೆಯ ಚಿತ್ರ ಇವತ್ತು ಹೇಗಿದೆಯೋ ಹಾಗೆ ನಕಲು ಮಾಡಬೇಕೋ, ಅಥವಾ ಬರೆದ ದಿನ ಹೇಗಿತ್ತೋ ಹಾಗೆಯೋ? ಸ್ಮಾಲ್ಟ್ ನೀಲಿ ಎಣ್ಣೆಯಲ್ಲಿ ಕಾಲ ಕಳೆದ ಹಾಗೆ ಬೂದಾಗುತ್ತದೆ. ಗಿಡಗಳಿಂದ ತೆಗೆದ ಹಳದಿ ಬಿಸಿಲಿಗೆ ಮಾಸುತ್ತದೆ. ನೀಲಿ ಹಳದಿ ಸೇರಿ ಹಸಿರಾಗಿದ್ದ ಎಲೆಗಳಲ್ಲಿ ಹಳದಿ ಹೋಗಿ ನೀಲಿ ಉಳಿಯುತ್ತದೆ. 17ನೇ ಶತಮಾನದ ಎಷ್ಟೋ ಡಚ್ ಚಿತ್ರಗಳಲ್ಲಿ ನೀಲಿ ಎಲೆಗಳನ್ನು ಕಾಣಬಹುದು. ಮೇಲಿನ ವಾರ್ನಿಶ್ ಹಳದಿಗಟ್ಟಿ ಎಲ್ಲಕ್ಕೂ ಚಿನ್ನದ ಬಿಸಿಲು ಬರಿಸಿರುತ್ತದೆ. ಜನ ಅದನ್ನೇ ಹಳೆಯ ಕಾಲದ ಸೊಬಗು ಅನ್ನುತ್ತಾರೆ. ನನ್ನ ಉತ್ತರ: ಕತ್ತಲೆ ಬೆಳಕನ್ನು ಕಂಡ ಹಾಗೆ ತನ್ನಿ, ವಾರ್ನಿಶ್‌ನ ಹಳದಿಯನ್ನು ಬಿಟ್ಟುಬಿಡಿ. ಮುದಿತನ ನಕಲು ಮಾಡಿ ಕಲಿಯುವುದು ಏನೂ ಇಲ್ಲ. ಬಿರುಕುಗಳನ್ನು ಸಣ್ಣ ಬ್ರಶ್‌ನಲ್ಲಿ ಬರೆಯುವವರನ್ನು ಕಂಡರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ, ದೂರದಿಂದ.

ನಕಲಿಗೆ ವಿರುದ್ಧವಾದ ಮಾತನ್ನೂ ಹೇಳಬೇಕು. ಹೇಳಿದವನು ಸಣ್ಣವನಲ್ಲ. ಲಂಡನ್ನಿನ ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷ ಜೋಶುವಾ ರೆನಾಲ್ಡ್ಸ್. 1769ರಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದಲ್ಲಿ, ಕಂಡದ್ದನ್ನೆಲ್ಲ ನಕಲು ಮಾಡುವುದು ಕೆಲಸ ಮಾಡಿದ ಭ್ರಮೆ ಕೊಡುತ್ತದೆಯೇ ಹೊರತು ತಲೆಗೆ ಕೆಲಸ ಕೊಡುವುದಿಲ್ಲ ಅಂತ ಎಚ್ಚರಿಸಿದ. ನಾನು ಇದನ್ನು ಒಪ್ಪುತ್ತೇನೆ. ವರ್ಷಗಟ್ಟಲೆ ನಕಲು ಮಾಡಿ ಕೈ ಪಳಗಿ, ಸ್ವಂತ ಕ್ಯಾನ್ವಾಸ್ ಮುಂದೆ ನಿಂತಾಗ ಏನೂ ತೋಚದವರು ಬೇಕಾದಷ್ಟು ಜನ ಇದ್ದಾರೆ. ಒಂದು ಚಿತ್ರ ನಕಲು ಮಾಡಿ, ಪೂರ್ತಿ ಮಾಡಿ, ಅಲ್ಲಿಗೆ ನಿಲ್ಲಿಸಿ.

ರೆನಾಲ್ಡ್ಸ್ ಬರೀ ಬೈದು ಬಿಡಲಿಲ್ಲ, ದಾರಿಯನ್ನೂ ಹೇಳಿದ. ಮೆಚ್ಚಿದ ಚಿತ್ರಕ್ಕೆ ಜೋಡಿಯಾಗುವ ಹಾಗೆ ನಿಮ್ಮದೇ ಒಂದು ಚಿತ್ರ ಬರೆಯಿರಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ನಿಮ್ಮ ಕೊರತೆ ಯಾವ ಗುರು ಹೇಳುವುದಕ್ಕಿಂತ ಚೆನ್ನಾಗಿ ಕಾಣುತ್ತದೆ ಅಂತ. ಇಂಗ್ಲೆಂಡಿನ ಚಿತ್ರಕಾರ ಗೇನ್ಸ್‌ಬರೋ ಯುವಕನಾಗಿದ್ದಾಗ ರೌಸ್ಡಾಲ್‌ನ ಒಂದು ಕಾಡಿನ ಚಿತ್ರವನ್ನು ಸೀಮೆಸುಣ್ಣದಲ್ಲಿ ನಕಲು ಮಾಡಿದ. ಆಮೇಲೆ 1748ರ ಹೊತ್ತಿಗೆ ತನ್ನ ಊರಿನ ಹತ್ತಿರದ ಕಾಡನ್ನೇ ರೌಸ್ಡಾಲ್‌ನ ಕಣ್ಣಿನಲ್ಲಿ ಬರೆದ. ಅದೇ ದೇಶದ ಚಿತ್ರಕಾರ ಕಾನ್‌ಸ್ಟೆಬಲ್ ಐವತ್ತಾರನೇ ವಯಸ್ಸಿನಲ್ಲಿ, 1832ರಲ್ಲಿ, ರೌಸ್ಡಾಲ್‌ನ ಒಂದು ಚಳಿಗಾಲದ ಚಿತ್ರವನ್ನು ಎರವಲು ತಂದು ನಕಲು ಮಾಡಿದ. ಆಕಾಶ ಬರೆಯುವುದರಲ್ಲಿ ಅವನ ಸಮ ಯಾರೂ ಇಲ್ಲ ಅನ್ನಿಸಿಕೊಂಡ ಮೇಲೆ ಮಾಡಿದ ಕೆಲಸ ಅದು.

ನಿಮಗೆ ಜೋಡಿ ಚಿತ್ರ ಎಲ್ಲಿ? ಗದಗ, ವಿಜಯಪುರದ ಕಡೆಯವರು ಯಾರಾದರೂ ಇದ್ದರೆ ಅವರಿಗೆ ಹುಡುಕುವ ಕೆಲಸವೇ ಇಲ್ಲ. ಕಪ್ಪು ಮಣ್ಣಿನ ಬಯಲು, ತಗ್ಗಿದ ದಿಗಂತ, ಮೇಲೆ ಮಳೆಗಾಲದ ಮೋಡ, ಹೊಲದ ಮೇಲೆ ಓಡುವ ನೆರಳು. ಬೆಂಗಳೂರಿನವರಿಗೆ ಎತ್ತರದ ಒಂದು ಟೆರೇಸ್ ಸಾಕು. ಅಲ್ಲೇ ಕೂತು ಎಣ್ಣೆ ಬಣ್ಣ ಹಚ್ಚಬೇಕಾಗಿಲ್ಲ. ರೌಸ್ಡಾಲ್ ಕೂಡ ದಿಬ್ಬದ ಮೇಲೆ ಕೂತು ಬಣ್ಣ ಹಚ್ಚಿದವನಲ್ಲ. 1841ರಲ್ಲಿ ತವರದ ಟ್ಯೂಬ್ ಬರುವವರೆಗೆ ಬಣ್ಣ ಹೊತ್ತು ತಿರುಗುವುದು ರಗಳೆಯ ಕೆಲಸ. ಅಲ್ಲಿ ಪೆನ್ಸಿಲ್ ಹಿಡಿದು ಗುರುತು ಮಾಡಿಕೊಂಡು, ಮನೆಗೆ ಬಂದು ಕಾಫಿ ಬಣ್ಣದ ತಳದ ಮೇಲೆ, ಸತ್ತ ಬಣ್ಣದಿಂದ ಶುರು ಮಾಡಿ.

ಕೊನೆಗೆ ಸಭೆಯಲ್ಲಿ ಬಂದ ಒಂದೆರಡು ಪ್ರಶ್ನೆ.

ಒಬ್ಬರು ಕೇಳಿದರು: "ಸರ್, ನಕಲಿಗೆ ಸಹಿ ಹಾಕಬಹುದಾ?" ರೌಸ್ಡಾಲ್‌ನ ಸಹಿ ಹಾಕಬೇಡಿ, ಅದು ಮೋಸ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಇವತ್ತಿಗೂ ನಕಲು ಮಾಡಲು ಅನುಮತಿ ಕೊಡುತ್ತಾರೆ. ಆದರೆ ಮೂಲದ ಅಳತೆಯಲ್ಲೇ ಮಾಡುವಂತಿಲ್ಲ, ಮೂಲದ ಸಹಿ ಬರೆಯುವಂತಿಲ್ಲ. ನೀವು ಮನೆಯಲ್ಲಿ ಪೂರ್ಣ ಅಳತೆಯಲ್ಲಿ ಮಾಡುತ್ತೀರಿ, ಆದ್ದರಿಂದ ಕ್ಯಾನ್ವಾಸ್ ಹಿಂದೆ 'ರೌಸ್ಡಾಲ್‌ನ ಚಿತ್ರದ ನಕಲು' ಅಂತ ಬರೆದು, ನಿಮ್ಮ ಹೆಸರು, ಇಸವಿ ಹಾಕಿ.

ಇನ್ನೊಬ್ಬರು: "ಮಳೆಗಾಲದಲ್ಲಿ ಒಣಗೋದೇ ಇಲ್ಲ, ಬೀರುವಿನಲ್ಲಿ ಇಡಬಹುದಾ?" ಬೇಡ. ಕತ್ತಲೆಯಲ್ಲಿ ಲಿನ್‌ಸೀಡ್ ಎಣ್ಣೆ ಹಳದಿಯಾಗುತ್ತದೆ. ಗಾಳಿ ಬೆಳಕು ಆಡುವ ಕಡೆ, ನೇರ ಬಿಸಿಲು ಬೀಳದ ಹಾಗೆ, ಗೋಡೆಗೆ ಮುಖ ಮಾಡದೆ ನಿಲ್ಲಿಸಿ. ಫ್ಯಾನ್ ಹಾಕಿದರೆ ಧೂಳು ಕೂರುತ್ತದೆ. ಕಾಯಬೇಕು, ಬೇರೆ ದಾರಿ ಇಲ್ಲ.

ವಾರ್ನಿಶ್ ಯಾವಾಗ ಅಂತಲೂ ಕೇಳಿದರು. ಮುಟ್ಟಿದರೆ ಕೈಗೆ ಅಂಟುವುದಿಲ್ಲ ಅಂದ ಮಾತ್ರಕ್ಕೆ ಒಳಗೆ ಒಣಗಿದೆ ಅಂತಲ್ಲ. ತೆಳ್ಳಗೆ ಬರೆದಿದ್ದರೆ ಆರು ತಿಂಗಳು, ಮೋಡಗಳನ್ನು ದಪ್ಪಗೆ ಇಟ್ಟಿದ್ದರೆ ಒಂದು ವರ್ಷ ಬಿಡಿ. ಅಷ್ಟರಲ್ಲಿ ಜೋಡಿ ಚಿತ್ರವೂ ಮುಗಿದಿದ್ದರೆ ಎರಡಕ್ಕೂ ಒಂದೇ ದಿನ ಹಚ್ಚಬೇಡಿ, ಅದು ಇನ್ನೂ ಹಸಿ ಇರುತ್ತದೆ.